ಥಿಯೇಟರ್ ಬಿಡದೆ ಖರ್ಚು ಇಳಿಸಿದ್ದು ಹೀಗೆ

ನಮ್ಮ ಮನೆಯಲ್ಲಿ ಐದು ಜನ. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಐವರಿಗೂ ಸಿನಿಮಾ ಹುಚ್ಚು. ಎರಡು ವರ್ಷದ ಹಿಂದೆ ಖರ್ಚು ಕೈ ಮೀರಿತು ಅಂತ ನಾಲ್ಕು ತಿಂಗಳು ಥಿಯೇಟರ್ ಕಡೆ ತಲೆಯೇ ಹಾಕಲಿಲ್ಲ. ಆಗ ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಫೋನ್ ಹಿಡಿದು ಕೂರುವುದು ಶುರುವಾಯಿತು. ಕತ್ತಲಲ್ಲಿ ಎಲ್ಲರೂ ಒಟ್ಟಿಗೆ ನಕ್ಕು, ಮನೆಗೆ ಬಂದು ರಾತ್ರಿಯೆಲ್ಲ ಅದನ್ನೇ ಮಾತಾಡುವ ಸುಖ ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹಣ ಎಲ್ಲಿ ಸೋರುತ್ತಿದೆ ನೋಡೋಣ ಅಂತ ಒಂದು ಲೆಕ್ಕದ ಪುಸ್ತಕ ಇಟ್ಟೆ.

ನೀವೂ ಮೊದಲು ಅದನ್ನೇ ಮಾಡಿ. ಮುಂದಿನ ಮೂರು ಸಲ ಹೋದಾಗ ಟಿಕೆಟ್, ಬುಕಿಂಗ್ ಚಾರ್ಜು, ತಿಂಡಿ, ಓಡಾಟ, ಪಾರ್ಕಿಂಗ್ ಎಲ್ಲ ಬೇರೆ ಬೇರೆ ಬರೆಯಿರಿ. ನಮ್ಮ ಪುಸ್ತಕದಲ್ಲಿ ಮೂರು ಸಲವೂ ಟಿಕೆಟ್‌ಗಿಂತ ಮಿಕ್ಕಿದ್ದೇ ಜಾಸ್ತಿ ಇತ್ತು. ಅಲ್ಲಿಯವರೆಗೆ ನಾನು ಸುಮ್ನೆ ಅಗ್ಗದ ಟಿಕೆಟ್ ಹುಡುಕಿಕೊಂಡು ಕೂತಿದ್ದೆ.

ಬುಕಿಂಗ್ ಚಾರ್ಜಿನಿಂದ ಶುರು ಮಾಡೋಣ. ಇದನ್ನು ಹೆಚ್ಚಿನ ಕಡೆ ಒಂದು ಟಿಕೆಟ್‌ಗೆ ಇಷ್ಟು ಅಂತ ಹಾಕುತ್ತಾರೆ. ಐದು ಟಿಕೆಟ್ ತೆಗೆದರೆ ಐದು ಸಲ ಕಟ್ಟಿದ ಹಾಗೆ. ಹಣ ಕಟ್ಟುವ ಕೊನೇ ಪುಟವನ್ನು ನಿಧಾನವಾಗಿ ಓದಿ. ತಾನಾಗಿಯೇ ಸೇರಿಕೊಂಡ ದೇಣಿಗೆ, ಟಿಕೆಟ್ ವಿಮೆ, ಕಾಂಬೊ ಇದ್ದರೆ ತೆಗೆದುಹಾಕಿ. ನಾನು ಈಗ ಆ್ಯಪ್‌ನಲ್ಲಿ ಸೀಟುಗಳ ನಕ್ಷೆ ಮಾತ್ರ ನೋಡುತ್ತೇನೆ. ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೆ ಕೌಂಟರ್‌ನಲ್ಲೇ ಟಿಕೆಟ್. ತುಂಬುತ್ತಿದ್ದರೆ ಚಾರ್ಜು ಕೊಟ್ಟು ಬುಕ್ ಮಾಡುತ್ತೇನೆ. ಅಷ್ಟು ದೂರ ಹೋಗಿ ವಾಪಸ್ ಬರುವುದಕ್ಕಿಂತ ಅದೇ ಮೇಲು. ಬುಕ್ ಮಾಡುವಾಗ ತಾರೀಖು, ಭಾಷೆ, ಯಾವ ಶಾಖೆ ಅಂತ ಜೋರಾಗಿ ಓದಿ ಇನ್ನೊಬ್ಬರಿಗೆ ಕೇಳಿಸಿ. ಒಂದೇ ಹೆಸರಿನ ಎರಡು ಥಿಯೇಟರ್ ಇದ್ದಲ್ಲಿ ನಾವು ಐದೂ ಜನ ತಪ್ಪು ಬಾಗಿಲಲ್ಲಿ ನಿಂತಿದ್ದೆವು. ಷೋ ಶುರುವಾಗಿತ್ತು, ಹಣ ವಾಪಸ್ ಬರಲಿಲ್ಲ. ಚಿಕ್ಕವನು ದಾರಿಯುದ್ದಕ್ಕೂ ಅತ್ತ.

ಕೌಂಟರ್‌ನಲ್ಲಿ ಇನ್ನೊಂದು ಲಾಭ ಇದೆ. ಹಿರಿಯರಿಗೆ, ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟಾ ಅಂತ ಬಾಯಿಬಿಟ್ಟು ಕೇಳಬಹುದು. ಎಷ್ಟೋ ಸಲ ಆ್ಯಪ್‌ನಲ್ಲಿ ಅದು ಕಾಣುವುದೇ ಇಲ್ಲ. ಗುರುತಿನ ಚೀಟಿ ಕೈಯಲ್ಲಿರಲಿ. ಮಕ್ಕಳ ಟಿಕೆಟ್‌ಗೆ ಕೆಲವು ಕಡೆ ವಯಸ್ಸು ನೋಡುತ್ತಾರೆ, ಕೆಲವು ಕಡೆ ಎತ್ತರ ನೋಡುತ್ತಾರೆ. ಅದನ್ನೂ ಮೊದಲೇ ಕೇಳಿಕೊಳ್ಳಿ.

ಇನ್ನು ದಿನ ಮತ್ತು ಹೊತ್ತು. ವಾರಾಂತ್ಯದ ಸಂಜೆ ಷೋ ಎಲ್ಲಕ್ಕಿಂತ ದುಬಾರಿ. ವಾರದ ನಡುವಿನ ಬೆಳಗಿನ ಷೋ ಸಾಮಾನ್ಯವಾಗಿ ಅಗ್ಗ. ವಾರಕ್ಕೊಂದು ರಿಯಾಯಿತಿ ದಿನ ಇಟ್ಟಿರುವ ಥಿಯೇಟರ್‌ಗಳೂ ಇವೆ. ನಾವು ಮಕ್ಕಳ ರಜೆಯಲ್ಲಿ ವಾರದ ದಿನ ಆರಿಸುತ್ತೇವೆ, ಉಳಿದ ತಿಂಗಳು ಭಾನುವಾರದ ಮೊದಲ ಷೋ. ಇದರ ಜೊತೆಗೆ ಎರಡನೇ ವಾರದವರೆಗೆ ಕಾಯಿರಿ. ಸಾಮಾನ್ಯವಾಗಿ ಬಿಡುಗಡೆಯ ಮೊದಲ ದಿನಗಳಲ್ಲಿ ಟಿಕೆಟ್ ಹಣದ ದೊಡ್ಡ ಪಾಲು ವಿತರಕರಿಗೆ ಹೋಗುತ್ತದೆ. ವಾರ ಕಳೆದಂತೆ ಥಿಯೇಟರ್‌ನ ಪಾಲು ಏರುತ್ತದೆ. ಹೊಸ ಚಿತ್ರಕ್ಕೆ ಕೂಪನ್ ನಡೆಯಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಮೂರನೇ ವಾರಕ್ಕೆ ತಳ್ಳಬೇಡಿ. ಚಿತ್ರ ಚಿಕ್ಕ ಪರದೆಗೆ ಹೋಗಿರುತ್ತದೆ, ಇಲ್ಲವೇ ಎತ್ತಂಗಡಿ ಆಗಿರುತ್ತದೆ.

ಕೊನೇ ಸಾಲಿನ ಒರಗು ಸೀಟೇ ಒಳ್ಳೆಯದು ಅಂತ ಅಂದುಕೊಂಡಿದ್ದೀರಾ? ಥಿಯೇಟರ್‌ನ ಧ್ವನಿಯನ್ನು ಹೊಂದಿಸುವಾಗ ಸಾಮಾನ್ಯವಾಗಿ ಅಳತೆ ತೆಗೆಯುವುದು ಪರದೆಯಿಂದ ಹಾಲ್‌ನ ಮೂರನೇ ಎರಡರಷ್ಟು ಹಿಂದೆ, ನಡುವಿನ ಜಾಗದಲ್ಲಿ. ಎಷ್ಟೋ ಹಾಲ್‌ಗಳಲ್ಲಿ ಅಲ್ಲಿ ಮಾಮೂಲಿ ದರದ ಸೀಟೇ ಸಿಗುತ್ತದೆ. ಸೊಂಟ ನೋವಿನ ಅತ್ತೆಗೆ ಒಂದು ಪುಟ್ಟ ದಿಂಬು ಒಯ್ಯುತ್ತೇವೆ, ಅವರು ಆರಾಮಾಗಿ ಕೂರುತ್ತಾರೆ.

3ಡಿಗೆ ನಾನು ಈಗ ಹಣ ಹಾಕುವುದಿಲ್ಲ. ಮಾಮೂಲಿ ಚಿತ್ರಕ್ಕೆ ಪರದೆಯ ಬೆಳಕು 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪು ಅಳೆಯುವ ಮಾನ) ಇರಬೇಕು ಅನ್ನುವುದು ಮಾನದಂಡ. 3ಡಿಯಲ್ಲಿ ಕನ್ನಡಕ ದಾಟಿ ಕಣ್ಣಿಗೆ ತಲುಪುವುದು ಸಾಮಾನ್ಯವಾಗಿ 4.5ರ ಆಸುಪಾಸು. ಜಾಸ್ತಿ ಹಣ ಕೊಟ್ಟು ಮಬ್ಬಾದ ಚಿತ್ರ ನೋಡಿದ ಹಾಗಾಯಿತು, ಅಲ್ವಾ? ಎಷ್ಟೋ ಚಿತ್ರಗಳನ್ನು ಮಾಮೂಲಿಯಾಗಿ ತೆಗೆದು ಆಮೇಲೆ 3ಡಿ ಮಾಡಿರುತ್ತಾರೆ. ಭಾರೀ ದೊಡ್ಡ ಪರದೆಯ ಐಮ್ಯಾಕ್ಸ್ ಮಾತು ಬೇರೆ. ಅದರದೇ ಕ್ಯಾಮೆರಾದಲ್ಲಿ ತೆಗೆದ ದೃಶ್ಯಗಳಲ್ಲಿ ಚಿತ್ರ ಮೇಲಕ್ಕೂ ಕೆಳಕ್ಕೂ ಹಿಗ್ಗುತ್ತದೆ. ಅಂಥ ಚಿತ್ರ ಬಂದರೆ ವರ್ಷಕ್ಕೊಮ್ಮೆ ಮನಸಾರೆ ಖರ್ಚು ಮಾಡುತ್ತೇವೆ.

ಈಗ ಎಲ್ಲಕ್ಕಿಂತ ದೊಡ್ಡ ತೂತು, ತಿಂಡಿ ಕೌಂಟರ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಎಷ್ಟೋ ಥಿಯೇಟರ್‌ಗಳು ಉಳಿದುಕೊಂಡದ್ದೇ ಪಾಪ್‌ಕಾರ್ನ್ ಮಾರಿ. ಇವತ್ತಿಗೂ ಥಿಯೇಟರ್ ನಡೆಸುವವರಿಗೆ ಟಿಕೆಟ್‌ಗಿಂತ ಅದರಲ್ಲೇ ಲಾಭದ ಪಾಲು ಹೆಚ್ಚು. ಅಲ್ಲಿ ಏನೂ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಥಿಯೇಟರ್ ಉಳಿಯಬೇಕು ಅನ್ನುವ ಆಸೆ ನನಗೂ ಇದೆ. ಹಸಿದುಕೊಂಡು ಮಾತ್ರ ಹೋಗಬೇಡಿ. ನಾವು ಮನೆಯಲ್ಲಿ ಹೊಟ್ಟೆ ತುಂಬ ಊಟ ಮಾಡಿಯೇ ಹೊರಡುತ್ತೇವೆ. ಹೊಟ್ಟೆ ತುಂಬಿದ್ದಾಗ ಮಕ್ಕಳಿಗೆ ಪಾಪ್‌ಕಾರ್ನ್ ಬೇಕಾಗುವುದು ವಾಸನೆಗೆ, ಬಾಯಿ ಚಪಲಕ್ಕೆ. ಐವರಿಗೆ ಒಂದೇ ದೊಡ್ಡದು ಸಾಕು. ಎರಡು ಖಾಲಿ ಡಬ್ಬಿ ಕೇಳಿ, ಹೆಚ್ಚಿನ ಕಡೆ ಕೊಡುತ್ತಾರೆ. ದೊಡ್ಡದಕ್ಕೆ ಮತ್ತೊಮ್ಮೆ ತುಂಬಿಸಿ ಕೊಡುವ ಥಿಯೇಟರ್‌ಗಳೂ ಇವೆ, ವಿಚಾರಿಸಿ. ಕಾಂಬೊ ತೆಗೆಯುವ ಮುಂಚೆ ಅದರಲ್ಲಿ ನಿಮಗೆ ಬೇಕಾದ ವಸ್ತುಗಳನ್ನಷ್ಟೇ ಕೂಡಿಸಿ ನೋಡಿ. ನಮಗೆ ಸೋಡಾ ಬೇಡ. ಅದನ್ನು ಬಿಟ್ಟರೆ ಕಾಂಬೊ ಒಂದು ಸಲವೂ ಅಗ್ಗ ಬೀಳಲಿಲ್ಲ. ಹೊರಗಿನ ತಿಂಡಿ ಒಯ್ಯಬಾರದು ಅಂದರೆ ಕದ್ದು ಒಯ್ಯಬೇಡಿ. ಮಕ್ಕಳ ಮುಂದೆ ಅದು ಸರಿಯಲ್ಲ. ಹಸುಗೂಸಿನ ಆಹಾರ, ಔಷಧಿ ಇದ್ದರೆ ಬಾಗಿಲಲ್ಲೇ ಹೇಳಿ ಒಯ್ಯಿರಿ.

ತಿಂಗಳ ಪಾಸ್ ಕೊಳ್ಳುವ ಮುಂಚೆ ಕಳೆದ ಆರು ತಿಂಗಳಲ್ಲಿ ನಿಜವಾಗಿ ಎಷ್ಟು ಸಿನಿಮಾ ನೋಡಿದಿರಿ ಎಣಿಸಿ. ಮುಂದೆ ಎಷ್ಟು ನೋಡುತ್ತೀರಿ ಅನ್ನುವ ಊಹೆ ಬೇಡ. ವಾರಾಂತ್ಯಕ್ಕೆ ನಡೆಯುತ್ತದಾ, ಯಾವ ಹೊತ್ತಿಗೆ ರದ್ದು ಮಾಡಬಹುದು, ಹೊಸ ಚಿತ್ರಕ್ಕೆ ತಡೆ ಉಂಟಾ ನೋಡಿ. ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ. ಇಂಥದೇ ತಿಂಗಳ ಪಾಸ್ ಮಾರುತ್ತಿದ್ದ ಅಮೆರಿಕದ ಮೂವಿಪಾಸ್ ಕಂಪನಿ 2017ರಲ್ಲಿ ತೀರಾ ಅಗ್ಗಕ್ಕೆ ದಿನಕ್ಕೊಂದು ಸಿನಿಮಾ ಕೊಡಲು ಹೋಗಿ 2019ರಲ್ಲಿ ಸೇವೆಯನ್ನೇ ನಿಲ್ಲಿಸಿತು. ನಮ್ಮ ಲೆಕ್ಕ ತಿಂಗಳಿಗೆ ಒಂದಕ್ಕಿಂತ ಸ್ವಲ್ಪ ಕಡಿಮೆ ಬಂತು, ಹಾಗಾಗಿ ಪಾಸ್ ತೆಗೆಯಲಿಲ್ಲ. ಉಚಿತ ಸದಸ್ಯತ್ವದ ಪಾಯಿಂಟ್ಸ್ ಸೇರಿಸುತ್ತೇವೆ. ಅವಕ್ಕೆ ಅವಧಿ ಇರುತ್ತದೆ. ಮುಗಿಯುವ ತಾರೀಖನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇನೆ.

ಪಾರ್ಕಿಂಗ್ ಬಗ್ಗೆ ಒಂದೇ ಮಾತು. ಸಿನಿಮಾ ಟಿಕೆಟ್ ತೋರಿಸಿದರೆ ಪಾರ್ಕಿಂಗ್ ದರ ಇಳಿಸುವ ಕಡೆಗಳಿವೆ. ಒಳಗೆ ಹೋಗುವಾಗಲೇ ಕೇಳಿ. ಸಿನಿಮಾ ಮುಗಿಯುವ ಹೊತ್ತಿಗೆ ಪಾರ್ಕಿಂಗ್ ಚೀಟಿಗೆ ರಿಯಾಯಿತಿಯ ಮುದ್ರೆ ಹಾಕುವವರು ಮನೆಗೆ ಹೊರಟಿರಬಹುದು.