ಡೋರ್ಟ್‌ಮುಂಡ್‌ಗೆ ಬರುವ ನಮ್ಮ ಕಡೆಯವರಿಗೆ: ಮ್ಯಾಚಿನ ದಿನ ಸ್ಟೇಡಿಯಂಗೆ ಹೋಗುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯಿಂದ ಜರ್ಮನಿಯ ಡೋರ್ಟ್‌ಮುಂಡ್‌ಗೆ ಓದಲು ಬರುವವರು ಹೊರಡುವ ಮುಂಚೆ ಕೇಳುವುದು ಮೂರು ಸಂಗತಿ. ಮೊದಲು ರೂಮು, ಆಮೇಲೆ ಪಾರ್ಟ್ ಟೈಮ್ ಕೆಲಸ, ಅದಾದ ಮೇಲೆ ಇಲ್ಲಿನ ಫುಟ್ಬಾಲ್ ಕ್ಲಬ್ ಬೊರುಸಿಯಾ ಡೋರ್ಟ್‌ಮುಂಡ್‌ನ ಹಳದಿ ಕಪ್ಪಿನ ಸ್ಟೇಡಿಯಂ. ಈ ಸಲ ಶ್ರಾವಣದಲ್ಲಿ ಟಿಳಕವಾಡಿಯ ಮನೆಗೆ ರಜೆಗೆ ಬಂದಾಗಲೂ ಅದೇ ಆಯಿತು. ಅಕ್ಟೋಬರ್ ಸೆಮಿಸ್ಟರಿಗೆ ವೀಸಾ ಕೈಗೆ ಬಂದಿದ್ದ ಜಮಖಂಡಿಯ ಹುಡುಗನೊಬ್ಬ ಚಾ ಮುಗಿಸುವ ಮುಂಚೆಯೇ, “ಅಕ್ಕಾ, ಹೋದ ಮೊದಲನೇ ಶನಿವಾರನ ಮ್ಯಾಚ್ ನೋಡಬೇಕಂತ ಮಾಡೇನ್ರಿ. ಗೇಟಿನ್ಯಾಗ ಟಿಕೆಟ್ ಸಿಗತಾವಲ್ರಿ?” ಅಂದ.

ಸಿಗುವುದಿಲ್ಲ ತಮ್ಮಾ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸ್ಟೇಡಿಯಂ ಸಣ್ಣದೇನಲ್ಲ. ಇಡೀ ಜರ್ಮನಿಗೇ ದೊಡ್ಡದು, ಲೀಗ್ ಪಂದ್ಯಕ್ಕೆ 81,365 ಜನ ಹಿಡಿಸುತ್ತಾರೆ. ಆದರೆ ಅದರಲ್ಲಿ ಸುಮಾರು 55 ಸಾವಿರ ಜಾಗ ಇಡೀ ಸೀಸನ್ನಿನ ಟಿಕೆಟ್ ಇಟ್ಟುಕೊಂಡವರದು. ಅವರು ಅದನ್ನು ಸುಮ್ಮನೆ ಬಿಟ್ಟುಕೊಡುವ ಪೈಕಿ ಅಲ್ಲ. ಒಟ್ಟು ಜಾಗದ ಹತ್ತನೇ ಒಂದು ಪಾಲು ಎದುರಾಳಿ ಊರಿನವರಿಗೆ ಹೋಗುತ್ತದೆ. ಉಳಿದದ್ದಕ್ಕೆ ಮೊದಲು ಕ್ಲಬ್ಬಿನ ಸದಸ್ಯರು ಕೈ ಹಾಕುತ್ತಾರೆ, ಮಿಕ್ಕಿದರೆ ನಾವು ನೀವು. ಒಂದು ಸೀಸನ್ನಿಗೆ ಬುಂಡೆಸ್‌ಲಿಗಾದ, ಅಂದರೆ ಜರ್ಮನಿಯ ಮೊದಲ ದರ್ಜೆಯ ಲೀಗಿನ, ಮನೆಯಂಗಳದ ಪಂದ್ಯಗಳು ಇರುವುದೇ 17. ಎರಡು ವರ್ಷ ಇಲ್ಲಿ ಓದುವವರಾದರೆ ಕ್ಲಬ್ಬಿನ ಸದಸ್ಯತ್ವ ಮಾಡಿಸಿಬಿಡಿ, ಕೊಟ್ಟ ರೊಕ್ಕ ದಂಡವಾಗುವುದಿಲ್ಲ. ಸದಸ್ಯತ್ವ ಇಲ್ಲದವರಿಗೂ ಒಂದು ದಾರಿ ಇದೆ. ಸೀಸನ್ ಟಿಕೆಟ್ ಇದ್ದೂ ಆ ವಾರ ಬರಲಾಗದವರು ತಮ್ಮ ಜಾಗವನ್ನು ಕ್ಲಬ್ಬಿನದೇ ಮರುಮಾರಾಟದ ಪುಟದಲ್ಲಿ ಹಾಕುತ್ತಾರೆ. ಪಂದ್ಯದ ವಾರ ಅದನ್ನು ಆಗಾಗ ತೆರೆದು ನೋಡುತ್ತಿದ್ದರೆ ಒಂದಲ್ಲ ಒಂದು ಸಿಗುತ್ತದೆ. ಲೀಗಿನ ದೊಡ್ಡ ತಂಡ ಬಾಯರ್ನ್ ಮ್ಯೂನಿಕ್ ಬರುವ ದಿನದ ಟಿಕೆಟ್‌ಗೆ ಮೊದಲ ವರ್ಷವೇ ಆಸೆ ಇಟ್ಟುಕೊಳ್ಳಬೇಡಿ. ಕೆಳಗಿನ ಸ್ಥಾನದ ತಂಡ ಬರುವ ಭಾನುವಾರಗಳನ್ನು ನೋಡಿ.

ಸ್ಟೇಷನ್ ಮುಂದೆ ನಿಂತು ಕಿವಿಯಲ್ಲಿ ರೇಟು ಹೇಳುವವನ ಹತ್ತಿರ, ವಾಟ್ಸ್ಯಾಪ್ ಗುಂಪಿನಲ್ಲಿ ಯಾರದೋ ಗೆಳೆಯನ ಗೆಳೆಯನ ಹತ್ತಿರ ಟಿಕೆಟ್ ಕೊಳ್ಳಬೇಡಿ. ಒಂದೇ ಟಿಕೆಟ್ಟಿನ ಸ್ಕ್ರೀನ್‌ಶಾಟನ್ನು ನಾಲ್ಕು ಮಂದಿಗೆ ಮಾರಿದರೆ, ಗೇಟಿನಲ್ಲಿ ಮೊದಲು ನಿಂತವನಿಗಷ್ಟೇ ಹಸಿರು ದೀಪ.

ನನ್ನ ಕೇಳಿದರೆ ಮೊದಲ ತಿಂಗಳು ದೊಡ್ಡ ಸ್ಟೇಡಿಯಂನ ಗೋಜೇ ಬೇಡ. ಭಾನುವಾರ ಮಧ್ಯಾಹ್ನ ನಿಮ್ಮ ಓಣಿಯ ಕ್ಲಬ್ಬಿನ ಮೈದಾನಕ್ಕೆ ಹೋಗಿ. ಕ್ರೈಸ್‌ಲಿಗಾ ಅಂತ ಕರೆಯುತ್ತಾರೆ, ಅತಿ ಕೆಳಗಿನ ದರ್ಜೆಯ ಲೀಗು. ಬಡಿಗ, ಪೋಸ್ಟಿನವ, ಕಾಲೇಜು ಹುಡುಗ ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ. ಕೆಲವು ಕಡೆ ಇನ್ನೂ ಹಳೆಯ ಕೆಂಪು ಪುಡಿಮಣ್ಣಿನ ಮೈದಾನ ಉಳಿದಿದೆ, ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಬರಬೇಕು. ಬಾಗಿಲಲ್ಲಿ ಒಬ್ಬ ಅಜ್ಜ ಮಡಚುವ ಮೇಜು ಹಾಕಿಕೊಂಡು, ತಗಡಿನ ಡಬ್ಬಿ ಇಟ್ಟುಕೊಂಡು ಎರಡೋ ಮೂರೋ ಯೂರೋ ತೆಗೆದುಕೊಳ್ಳುತ್ತಾನೆ. ಒಳಗೆ ಕ್ಲಬ್ಬಿನ ಮನೆಯಲ್ಲಿ ಯಾರದೋ ತಾಯಿ ಮನೆಯಲ್ಲಿ ಮಾಡಿ ತಂದ ಕೇಕನ್ನು ಕೊಯ್ದು ಕಾಗದದ ತಟ್ಟೆಗೆ ಹಾಕುತ್ತಿರುತ್ತಾಳೆ. ಕಂಬಿಗೆ ಮೊಣಕೈ ಊರಿ ನಿಂತ ಮುದುಕರು ರೆಫರಿಯನ್ನು ಬೈಯುತ್ತ ಬೈಯುತ್ತಲೇ ನಿಮ್ಮ ಕಡೆ ತಿರುಗಿ ಎಲ್ಲಿಯವರು ಅಂತ ಕೇಳುತ್ತಾರೆ. ಟ್ರಾಮಿನಲ್ಲಿ ಆರು ತಿಂಗಳು ಎದುರು ಕೂತರೂ ಬಾಯಿ ಬಿಡದ ಇದೇ ಜನ ಇಲ್ಲಿ ಹತ್ತು ನಿಮಿಷಕ್ಕೆ ಮಾತಿಗೆ ಬರುತ್ತಾರೆ. ಅಲ್ಲಿ ಕಲಿತ ಅರ್ಧಂಬರ್ಧ ಜರ್ಮನ್ ನಿಮಗೆ ಕ್ಲಾಸಿನ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೆಳಗಾವಿಯವರಿಗೆ ಇದು ಬೇಗ ಹಿಡಿಸುತ್ತದೆ. ಸೇಂಟ್ ಪಾಲ್ಸ್ ಶಾಲೆ, ಲೇಲೆ ಮೈದಾನ, ಕ್ಯಾಂಪು ಅಂತ ಫುಟ್ಬಾಲಿನ ಗಾಳಿ ಬಡಿಸಿಕೊಂಡೇ ಬೆಳೆದವರು ಅವರು. ಕುಸ್ತಿ, ಸೈಕಲ್, ಕ್ರಿಕೆಟ್ ನೋಡಿ ಬೆಳೆದ ಬಾಗಲಕೋಟೆ, ವಿಜಯಪುರದವರಿಗೆ ಆಫ್‌ಸೈಡ್ ನಿಯಮ ಅರ್ಥವಾಗುವತನಕ ನಾಲ್ಕು ವಾರ ಬೇಕು, ಅಷ್ಟೇ. ಆಡುವ ಹುಚ್ಚು ಇದ್ದರೆ ಅದೇ ಕ್ಲಬ್ಬಿಗೆ ಸದಸ್ಯರಾಗಿ. ಇಲ್ಲಿ ಖಾಲಿ ಮೈದಾನ ಕಂಡಲ್ಲಿ ಚೆಂಡು ಹಾಕಿ ಆಡುವ ರೂಢಿ ಕಡಿಮೆ, ಎಲ್ಲವೂ ಸಂಘದ ಮೂಲಕವೇ ನಡೆಯುತ್ತದೆ.

ಇನ್ನು ದೊಡ್ಡ ದಿನ. ಶನಿವಾರದ ಪಂದ್ಯ ಸಾಮಾನ್ಯವಾಗಿ ಮಧ್ಯಾಹ್ನ 3:30ಕ್ಕೆ. 3 ಗಂಟೆಗೆ ಮನೆ ಬಿಟ್ಟರೆ ಆಟ ಕಾಣಬಹುದು, ಮ್ಯಾಚಿನ ದಿನ ಕಾಣುವುದಿಲ್ಲ. 12 ಗಂಟೆಗೇ ಹೊರಡಿ. ಪ್ರಧಾನ ರೈಲು ನಿಲ್ದಾಣದಿಂದ ಯು45 ರೈಲು ಸ್ಟೇಡಿಯಂ ಕಡೆಗೆ ಹೋಗುತ್ತದೆ. ವಿದ್ಯಾರ್ಥಿಗಳ ಪ್ರಯಾಣದ ಪಾಸು, ಅಂದರೆ ಸೆಮಿಸ್ಟರ್ ಟಿಕೆಟ್, ಇದ್ದವರಿಗೆ ಖರ್ಚಿಲ್ಲ. ಆದರೆ ಕಾಲು ಗಟ್ಟಿ ಇದ್ದವರು ಊರ ನಡುವಿನಿಂದ ಕ್ರಾಯ್ಟ್ಸ್‌ಫಿಯರ್ಟೆಲ್ ಓಣಿಗಳ ಮೂಲಕ ನಡೆದೇ ಹೋಗಿ, ಸುಮಾರು 3 ಕಿಲೋಮೀಟರ್. ಮೂಲೆಮೂಲೆಯ ಗೂಡಂಗಡಿಗಳ ಮುಂದೆ ಬಾಟಲಿ ಹಿಡಿದು ಹಳದಿ ಶಾಲಿನವರು ನಿಂತಿರುತ್ತಾರೆ. ಅಜ್ಜಿ, ಮೊಮ್ಮಗ, ಅಳಿಯ ಎಲ್ಲರೂ ಅದೇ ಬಣ್ಣ.

ದಾರಿಯಲ್ಲಿ ಒಂದು ಸಂಗತಿ ಗಮನಿಸಿ. ಕುಡಿದು ಮುಗಿಸಿದ ಬಾಟಲಿಯನ್ನು ಯಾರೂ ಕಸದ ಡಬ್ಬಿಯೊಳಗೆ ಎಸೆಯುವುದಿಲ್ಲ. ಡಬ್ಬಿಯ ಪಕ್ಕ ನೆಲದ ಮೇಲೆ ನಿಲ್ಲಿಸಿ ಹೋಗುತ್ತಾರೆ. ಅಂಗಡಿಗೆ ಮರಳಿಸಿದರೆ ಬಿಯರ್ ಬಾಟಲಿಗೆ 8 ಸೆಂಟು, ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೂ ಪೇಯದ ತಗಡಿನ ಡಬ್ಬಿಗೂ 25 ಸೆಂಟು ವಾಪಸ್ ಸಿಗುತ್ತದೆ. ದೊಡ್ಡ ಚೀಲ, ಕೈಗಾಡಿ ಹಿಡಿದು ಅವನ್ನು ಆರಿಸುವವರು ಬೆಳಗ್ಗೆಯಿಂದಲೇ ದಾರಿಯಲ್ಲಿ ಇರುತ್ತಾರೆ, ಹೆಚ್ಚಿನವರು ಪಿಂಚಣಿ ಸಾಲದ ವಯಸ್ಸಾದವರು. ನಿಮ್ಮ ಕೋಲಾ ಡಬ್ಬಿಯನ್ನೂ ಹಾಗೇ ಇಡಿ. ಕಸದೊಳಗೆ ಹಾಕಿ ಆ ಜನ ಅದರೊಳಗೆ ಕೈ ಹಾಕುವಂತೆ ಮಾಡಬೇಡಿ.

ಬಟ್ಟೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹುಡುಗರು ಸ್ಟೇಡಿಯಂ ಅಂದರೆ ಸಾಕು, ಭಾರತ ಕ್ರಿಕೆಟ್ ತಂಡದ ನೀಲಿ ಜರ್ಸಿ ತೊಟ್ಟು ಹೊರಡುತ್ತಾರೆ. ದಯವಿಟ್ಟು ಬೇಡ. ನೀಲಿ ಅಂದರೆ ಇಲ್ಲಿ ಶಾಲ್ಕೆ, ಗೆಲ್ಸೆನ್‌ಕಿರ್ಶೆನ್ ಊರಿನ ತಂಡ. ಎರಡೂ ಊರು ಕಲ್ಲಿದ್ದಲು, ಉಕ್ಕಿನಿಂದ ಬೆಳೆದವು, ಎರಡೂ ಕ್ಲಬ್ಬಿನ ಹಳೆಯ ಅಭಿಮಾನಿಗಳು ಗಣಿ, ಕಾರ್ಖಾನೆಯ ಕೂಲಿಗಳು. ಬೊರುಸಿಯಾ 1909ರಲ್ಲಿ ಹುಟ್ಟಿದ್ದು ಉಕ್ಕಿನ ಕಾರ್ಖಾನೆಯ ಪಕ್ಕದ ಬೊರ್ಸಿಗ್‌ಪ್ಲಾಟ್ಸ್ ಕೇರಿಯಲ್ಲಿ. ಈ ಸೀಮೆಯ ಕೊನೆಯ ಕಲ್ಲಿದ್ದಲು ಗಣಿ 2018ರ ಡಿಸೆಂಬರಿನಲ್ಲಿ ಮುಚ್ಚಿತು. ಗಣಿ ಹೋಯಿತು, ಜಿದ್ದು ಉಳಿಯಿತು. ಇಲ್ಲಿಯವರು ಶಾಲ್ಕೆ ಅಂತ ಹೆಸರು ಹೇಳಲೂ ಒಲ್ಲರು, ಹೆರ್ನೆ-ವೆಸ್ಟ್, ಅಂದರೆ ಹೆರ್ನೆ ಊರಿನ ಪಶ್ಚಿಮ, ಅನ್ನುತ್ತಾರೆ. ಅವರು ಇವರನ್ನು ಲ್ಯೂಡೆನ್‌ಶೈಡ್-ನೋರ್ಡ್, ಅಂದರೆ ಲ್ಯೂಡೆನ್‌ಶೈಡ್ ಊರಿನ ಉತ್ತರ, ಅನ್ನುತ್ತಾರೆ. ನೀಲಿ ಅಂಗಿಗೆ ಯಾರೂ ಹೊಡೆಯಲಿಕ್ಕಿಲ್ಲ, ಆದರೆ ದಿನವಿಡೀ ನಿಮ್ಮನ್ನು ನೋಡುವ ನೋಟ ಹಿತವಾಗಿರುವುದಿಲ್ಲ. ಕಪ್ಪು ಜಾಕೆಟ್ ಹಾಕಿ, ಹಳದಿ ಶಾಲು ಒಂದು ಕೊಳ್ಳಿ, ಸಾಕು.

ಕೆಂಪು ಹಳದಿಯದೂ ಒಂದು ತಮಾಷೆ. ನವೆಂಬರಿನಲ್ಲಿ ರಾಜ್ಯೋತ್ಸವದ ಶಲ್ಯ ಕೊರಳಿಗೆ ಹಾಕಿಕೊಂಡು ಇಲ್ಲಿನ ಬೀದಿಯಲ್ಲಿ ಓಡಾಡಿದರೆ ಡೋನರ್ (ತುರ್ಕಿ ಕಬಾಬ್) ಅಂಗಡಿಯವರು ಕೈ ಎತ್ತಿ “ಗಲಾತಸರಾಯ್!” ಅಂತ ಕೂಗುತ್ತಾರೆ. ಇಸ್ತಾಂಬುಲ್ಲಿನ ಆ ತಂಡದ ಬಣ್ಣವೂ ಅವೇ ಎರಡು, ಮತ್ತು ಈ ಊರಿನಲ್ಲಿ ತುರ್ಕಿ ಮನೆತನಗಳು ಬಹಳ. ಅಂಗಡಿಯವ ಅದರ ಎದುರಾಳಿ ತಂಡ ಫೆನೆರ್‌ಬಾಚೆ ಕಡೆಯವನಾಗಿದ್ದರೆ ಮಾತ್ರ ನಿಮ್ಮ ಡೋನರಿಗೆ ಸಾಸು ಕಡಿಮೆ ಬಿದ್ದೀತು. ಶಲ್ಯ ರಾಜ್ಯೋತ್ಸವದ ಸಭೆಗೆ ಇರಲಿ.

ಗೇಟಿನಲ್ಲಿ ಮೈ ತಡವಿ ನೋಡುತ್ತಾರೆ, ಹೆಂಗಸರಿಗೆ ಹೆಂಗಸರೇ ನೋಡುತ್ತಾರೆ. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಗು ಹೊತ್ತು ಲೈಬ್ರರಿಯಿಂದ ಸೀದಾ ಬರಬೇಡಿ. ಉದ್ದ ಕೊಡೆ ಬೇಡ, ಮಳೆಯಂಗಿ ತನ್ನಿ. 80 ಸಾವಿರ ಜನ ಒಂದೇ ಕಡೆ ಸೇರಿದಾಗ ಫೋನಿಗೆ ನೆಟ್‌ವರ್ಕ್ ಹಿಡಿಯುವುದಿಲ್ಲ. ಟಿಕೆಟನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಊರಿಗೆ ಶನಿವಾರ ಸಂಜೆ ಫೋನ್ ಮಾಡುವ ರೂಢಿ ಇದ್ದವರು ಮೊದಲೇ ಹೇಳಿಬಿಡಿ. ಇಲ್ಲಿ 3:30ಕ್ಕೆ ಆಟ ಶುರುವಾದಾಗ ನಮ್ಮೂರಲ್ಲಿ ಸಂಜೆ 7, ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಹಿಂದೆ ಸರಿಸಿದ ಮೇಲೆ ರಾತ್ರಿ 8.

ಎಲ್ಲಿ ಕೂರಬೇಕು? ಎಲ್ಲರಿಗೂ ದಕ್ಷಿಣದ ಸ್ಟ್ಯಾಂಡೇ ಬೇಕು, ಫೋಟೋದಲ್ಲಿ ನೋಡಿದ ಹಳದಿ ಗೋಡೆ. ಅಲ್ಲಿ ಕುರ್ಚಿ ಇಲ್ಲ, ಸುಮಾರು 25 ಸಾವಿರ ಜನ ನಿಂತೇ ನೋಡುವ ಮೆಟ್ಟಿಲುಗಳು. ಇಂಥದೇ ಜಾಗ ನಿಮ್ಮದು ಅಂತಿಲ್ಲ, ಮೊದಲು ಬಂದವರು ಮೊದಲು ನಿಲ್ಲುತ್ತಾರೆ. ನನ್ನಂತೆ ಐದಡಿಯವರಾದರೆ ಮೊದಲರ್ಧ ಪೂರ್ತಿ ಯಾರದೋ ಬೆನ್ನು, ಬೀಸುವ ಬಾವುಟದ ಬಟ್ಟೆ, ನಡುನಡುವೆ ಒಂದಿಷ್ಟು ಹಸಿರು ಕಂಡೀತು. ಅಲ್ಲಿ ಫೋನ್ ಎತ್ತಿ ವಿಡಿಯೊ ಮಾಡುತ್ತ ನಿಂತರೆ ಹಿಂದಿನವನು ಭುಜ ತಟ್ಟಿ ಕೆಳಗಿಳಿಸು ಅನ್ನುತ್ತಾನೆ, ಅದು ಸರಿಯೇ. ಅಲ್ಲಿ ನಿಂತವರು ಹಾಡಲು, ಕೂಗಲು ಬಂದವರು. ಆದ್ದರಿಂದ ಮೊದಲ ಸಲ ಪೂರ್ವ ಅಥವಾ ಪಶ್ಚಿಮದ ಕುರ್ಚಿ ತೆಗೆದುಕೊಳ್ಳಿ. ಆಟವೂ ಕಾಣುತ್ತದೆ, ಆ ಗೋಡೆಯೂ ಕಾಣುತ್ತದೆ. ಒಬ್ಬರೇ ಬರುವ ಹೆಣ್ಣುಮಕ್ಕಳಿಗೂ ಇದೇ ಮಾತು. ಕುರ್ಚಿಯ ಕಡೆ ಸಂಸಾರಸ್ಥರು ಬಹಳ, ಅಂಜುವಂಥದ್ದೇನೂ ಇಲ್ಲ. ಹೆಂಗಸರ ಶೌಚಾಲಯಕ್ಕೆ ಗಂಡಸರದಕ್ಕಿಂತ ಸಣ್ಣ ಪಾಳಿ ಇರುವ ಜಾಗ ನಾನು ಕಂಡದ್ದು ಇದೊಂದೇ.

ಗೋಲು ಬಿದ್ದಾಗ ಏನಾಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ಚೆನ್ನ. ಮೊದಲು ಮೇಲಿನಿಂದ ಬಿಯರ್ ಮಳೆ, ಒಗೆದರೆ ಹೋಗುವ ಬಟ್ಟೆ ಹಾಕಿರಿ. ಗದ್ದಲ ಒಂದು ಕ್ಷಣ ತಗ್ಗಿದಾಗ ಮೈಕಿನಲ್ಲಿ ಗೋಲು ಹೊಡೆದವನ ಮೊದಲ ಹೆಸರು ಮಾತ್ರ ಕೇಳುತ್ತದೆ. ಅಡ್ಡಹೆಸರನ್ನು, ಅಂದರೆ ಮನೆತನದ ಹೆಸರನ್ನು, ಇಡೀ ಸ್ಟೇಡಿಯಂ ಕೂಗುತ್ತದೆ. ಮತ್ತೆ ಮೊದಲ ಹೆಸರು, ಮತ್ತೆ ಕೂಗು. ಮೂರನೇ ಸಲಕ್ಕೆ ಕಾಲ ಕೆಳಗಿನ ಕಾಂಕ್ರೀಟು ನಡುಗುವುದು ಅಂಗಾಲಿಗೆ ಗೊತ್ತಾಗುತ್ತದೆ. ಕೊನೆಗೆ ಮೈಕಿನವ “ಡಾಂಕೆ” (ಥ್ಯಾಂಕ್ಸ್) ಅಂದರೆ ಜನ “ಬಿಟ್ಟೆ” (ಇರಲಿ ಬಿಡಿ) ಅನ್ನುತ್ತಾರೆ. ಮೈಕ್ ಹಿಡಿಯುವ ನೋರ್ಬರ್ಟ್ ಡಿಕೆಲ್ ಹಿಂದೆ ಇದೇ ತಂಡದ ಆಟಗಾರ. 1989ರ ಜರ್ಮನ್ ಕಪ್ ಫೈನಲ್‌ನಲ್ಲಿ ಬ್ರೆಮೆನ್ ಮೇಲೆ ಎರಡು ಗೋಲು ಹೊಡೆದವರು. ರೈಲಿನಲ್ಲಿ ಬರುವಾಗ ಹನ್ನೊಂದು ಜನರ ಅಡ್ಡಹೆಸರು ಒಮ್ಮೆ ಓದಿಕೊಳ್ಳಿ. ನಾಚಿಕೆ ಬಿಟ್ಟು ಕೂಗಿ, ನಿಮ್ಮ ಉಚ್ಚಾರ ಯಾರಿಗೂ ಕೇಳುವುದಿಲ್ಲ.

ಊಟ ಮನೆಯಲ್ಲೇ ಮುಗಿಸಿ. ಒಳಗಿನ ಸಾಸೇಜು ಹೆಚ್ಚಾಗಿ ಹಂದಿಯದು. ಶಾಕಾಹಾರಿಗಳಿಗೆ ಕರಿದ ಆಲೂಗಡ್ಡೆಯ ಪೊಮ್ಮೆಸ್, ಉಪ್ಪಿನ ಬ್ರೆಟ್ಸೆಲ್ ಬ್ರೆಡ್ಡು ಸಿಗುತ್ತವೆ. ಕರಿದ ಎಣ್ಣೆ ಬೇರೆ ಇದೆಯೇ ಅಂತ ವಿಚಾರಿಸುವಷ್ಟು ಮಡಿಯವರು ಎರಡು ಚಪಾತಿ, ಶೇಂಗಾ ಚಟ್ನಿ ಉಂಡೇ ಹೊರಡುವುದು ಒಳ್ಳೆಯದು. ಬ್ಯಾಂಕ್ ಕಾರ್ಡ್ ಮರೆಯಬೇಡಿ. ಪೇಯದ ಕಪ್ಪಿಗೆ ಠೇವಣಿ ಹಿಡಿಯುತ್ತಾರೆ, ಕಪ್ ಮರಳಿಸಿದರೆ ವಾಪಸ್ ಕೊಡುತ್ತಾರೆ. ಚಳಿಗಾಲದಲ್ಲಿ ಎರಡು ತಾಸು ಅಲ್ಲಾಡದೆ ನಿಂತರೆ ಮೊದಲು ಸೋಲುವುದು ಪಾದ. ಉಣ್ಣೆಯ ಕಾಲುಚೀಲಕ್ಕೆ ಜಿಪುಣತನ ಮಾಡಬೇಡಿ.

ಯಾರಾದರೂ ಬಣ್ಣ, ದೇಶ ಹಿಡಿದು ಕೆಟ್ಟ ಮಾತಾಡಿದರೆ ಎದುರು ಮಾತಿಗೆ ಇಳಿಯಬೇಡಿ, ಹೊಳೆಯುವ ಜಾಕೆಟ್ಟಿನ ಸಿಬ್ಬಂದಿಗೆ ಬ್ಲಾಕ್ ನಂಬರ್, ಸಾಲು ನಂಬರ್ ಹೇಳಿ. ಪಕ್ಕದ ಕುರ್ಚಿಯವರನ್ನೂ ಕರೆಯಿರಿ, ಸಾಮಾನ್ಯವಾಗಿ ಅವರೇ ಮೊದಲು ಏಳುತ್ತಾರೆ.

ಪಂದ್ಯ ಮುಗಿದ ತಕ್ಷಣ ರೈಲಿಗೆ ಓಡಬೇಡಿ. ನಮ್ಮ ಬೆಳಗಾವಿಯ ಗಣಪತಿ ವಿಸರ್ಜನೆಯ ರಾತ್ರಿ ಕಪಿಲೇಶ್ವರ ಹೊಂಡದ ರಸ್ತೆಯಲ್ಲಿ ಹೇಗೋ ಹಾಗೆ, ಜನರೇ ನಿಮ್ಮನ್ನು ಎತ್ತಿಕೊಂಡು ಹೋಗುತ್ತಾರೆ, ಎಲ್ಲಿಗೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಅರ್ಧ ತಾಸು ಕುರ್ಚಿಯಲ್ಲೇ ಕೂತಿರಿ ಅಥವಾ ಬಂದ ದಾರಿಯಲ್ಲೇ ನಡೆಯಿರಿ. ಎದುರಾಳಿ ಊರಿನ ರೈಲಿನಲ್ಲಿ ಹೋಗಬೇಕಾದವರು ಶಾಲು ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಿ, ಕುಡಿದು ಹಾಡುವವರ ಡಬ್ಬಿ ಬಿಟ್ಟು ಮುಂದಿನದಕ್ಕೆ ಹತ್ತಿ.

ಎಷ್ಟು ಮಾಡಿದರೂ ಟಿಕೆಟ್ ಸಿಗದವರು ಬೇಜಾರಾಗಬೇಡಿ. ದೊಡ್ಡ ಸ್ಟೇಡಿಯಂಗೆ ಅಂಟಿಕೊಂಡೇ 1926ರ ಹಳೆಯ ರೋಟೆ ಎರ್ಡೆ ಮೈದಾನ ಇದೆ, 1974ರಲ್ಲಿ ಹೊಸದು ಏಳುವ ಮುಂಚೆ ಬೊರುಸಿಯಾ ಆಡುತ್ತಿದ್ದದ್ದು ಅಲ್ಲೇ. ಕ್ಲಬ್ಬಿನ ಎರಡನೇ ತಂಡದ ಪಂದ್ಯಗಳಿಗೆ ಅಲ್ಲಿ ಟಿಕೆಟ್ ಸುಲಭ, ಮುಂದಿನ ಸಾಲಿನಲ್ಲಿ ನಿಂತರೆ ಆಟಗಾರರ ಬೈಗುಳವೂ ಕಿವಿಗೆ ಬೀಳುತ್ತದೆ. ಮಳೆ ಬಂದರೆ ಪ್ರಧಾನ ನಿಲ್ದಾಣದ ಎದುರು 2015ರಲ್ಲಿ ತೆರೆದ ಜರ್ಮನ್ ಫುಟ್ಬಾಲ್ ಮ್ಯೂಸಿಯಂ ಇದೆ, ವಿದ್ಯಾರ್ಥಿ ಕಾರ್ಡ್ ತೋರಿಸಿ ರಿಯಾಯಿತಿ ಕೇಳಿ. ಕ್ರೈಸ್‌ಲಿಗಾದ ಅಜ್ಜಂದಿರ ಜೊತೆ ಪರಿಚಯ ಬೆಳೆಸಿಕೊಂಡವರಿಗೆ ಇನ್ನೊಂದು ಅನುಕೂಲ ಇದೆ. ಸೀಸನ್ ಟಿಕೆಟ್ ಇಟ್ಟುಕೊಂಡವರು ಅವರಲ್ಲಿ ಬಹಳ ಮಂದಿ, ಮಂಡಿ ನೋವು ಬಂದ ವಾರ ಅವರು ಮೊದಲು ಕೇಳುವುದು ಕಂಬಿಯ ಪಕ್ಕ ನಿಂತವರನ್ನೇ.