ಆರು ಪ್ಯಾಕ್, ಮುಕ್ಕಾಲು ಗಂಟೆ: ಪಂಪ್ ಶೆಡ್ಡಿನ ಚಾರ್ಜಿಂಗ್

ಪ್ಯಾರಲಲ್ ಚಾರ್ಜಿಂಗ್ (ಹಲವು ಬ್ಯಾಟರಿಗಳನ್ನು ಒಟ್ಟಿಗೆ ಜೋಡಿಸಿ ಒಂದೇ ಚಾರ್ಜರಿನಿಂದ ತುಂಬಿಸುವುದು) ಮಾಡಿದರೆ ಒಂದು ದಿನ ಮನೆ ಸುಡುತ್ತದೆ ಎಂದು ನನಗೆ ಹೇಳದವರಿಲ್ಲ. ನನ್ನ ಜೊತೆ ರಿಮೋಟಿನ ಮಾದರಿ ವಿಮಾನ ಹಾರಿಸುವವರೂ ಹೇಳಿದರು, ಮನೆಯಲ್ಲೂ ಹೇಳಿದರು. ಈಗ ಮೂರು ವರ್ಷವಾಯಿತು. ಆರು 3ಎಸ್ 2200 (ಮೂರು ಸೆಲ್ಲಿನ, 2200 ಮಿಲಿಆಂಪಿಯರ್ ಅವರ್) ಲಿಥಿಯಂ ಪಾಲಿಮರ್ ಅಥವಾ ಲಿಪೊ ಪ್ಯಾಕ್‌ಗಳನ್ನು ಒಟ್ಟಿಗೆ ಹಾಕಿ ಸುಮಾರು 45 ನಿಮಿಷದಲ್ಲಿ ತೆಗೆಯುತ್ತಿದ್ದೇನೆ. ಈ ಕ್ರಮಕ್ಕೆ ಬಂದ ಮೇಲೆ ಒಂದು ಪ್ಯಾಕೂ ಉಬ್ಬಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂತು.

ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಹಾರಿಸುವುದು ಮೇಲಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ. ಸಂಜೆ ನಾಲ್ಕರಿಂದ ಆರೂವರೆ ತನಕ ಮಾತ್ರ ಸಮಯ. ಒಂದು ಪ್ಯಾಕಿಗೆ ಎಂಟೊಂಬತ್ತು ನಿಮಿಷ ಹಾರಾಟ. ಒಂದೊಂದಾಗಿ ಚಾರ್ಜ್ ಮಾಡಿದರೆ ಆರು ಪ್ಯಾಕಿಗೆ ಆರು ಗಂಟೆ ಬೇಕು. ತೋಟದ ಕೆಲಸ ಬಿಟ್ಟು ಅಷ್ಟು ಹೊತ್ತು ಕಾವಲು ಕೂರುವುದು ಯಾರಿಂದಾಗುತ್ತದೆ?

ಮೊದಲು ಹೋದದ್ದು ದುಡ್ಡು. ಎರಡು ಸಾವಿರದ ಒಳಗೆ ಸಿಗುತ್ತಿದ್ದ ನಕಲು ಚಾರ್ಜರ್ ಒಂದನ್ನು ತಂದಿದ್ದೆ. ಒಂದು ವರ್ಷದಲ್ಲಿ ಐದು ಪ್ಯಾಕ್ ಉಬ್ಬಿದವು. ಬ್ಯಾಟರಿಯೇ ಕಳಪೆ ಎಂದು ನಂಬಿ ಮತ್ತೆ ಮತ್ತೆ ಬೆಂಗಳೂರಿನಿಂದ ತರಿಸಿದೆ. ಲಿಪೊ ವಿಮಾನದಲ್ಲಿ ಬರುವುದಿಲ್ಲ, ರಸ್ತೆಯಲ್ಲಿ ಬರಲು ಎಂಟು ಹತ್ತು ದಿನ. ಎಲ್ಲ ಸೇರಿ ಎಂಟು ಸಾವಿರ ಹೋಗಿರಬೇಕು. ಆಮೇಲೆ ಒಂದು ಮಧ್ಯಾಹ್ನ ಸುಮ್ನೆ ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಲೆನ್ಸ್ ಕನೆಕ್ಟರಿಗೆ (ಒಂದೊಂದು ಸೆಲ್ಲನ್ನೂ ಬೇರೆ ಬೇರೆ ಅಳೆಯಲು ಇರುವ ಸಣ್ಣ ಪ್ಲಗ್ಗಿಗೆ) ಚುಚ್ಚಿ ನೋಡಿದೆ. ಚಾರ್ಜರ್ ತೋರಿಸಿದ್ದು ಸೆಲ್ಲಿಗೆ 4.20 ವೋಲ್ಟ್, ಸೆಲ್ ತುಂಬಿತು ಎಂಬ ಲೆಕ್ಕ ಅದೇ. ಮೀಟರ್ ತೋರಿಸಿದ್ದು 4.27. ಮೂರು ಸೆಲ್ಲಿಗೂ ಹಾಗೇ. ವರ್ಷವಿಡೀ ನಾನೇ ಅವುಗಳಿಗೆ ಜಾಸ್ತಿ ತುಂಬಿಸಿ ಕೊಂದಿದ್ದೆ. ಆ ಚಾರ್ಜರನ್ನು ಮತ್ತೆ ಮುಟ್ಟಲಿಲ್ಲ. ಹೊಸ ಚಾರ್ಜರ್ ಬಂದ ದಿನ ಮೀಟರ್ ಇಟ್ಟು ನೋಡದೆ ಯಾರೂ ಪ್ಯಾಕ್ ಹಾಕಬೇಡಿ.

ಎರಡನೇ ಪೆಟ್ಟು ಕರೆಂಟಿನದು. ಫೆಬ್ರವರಿಯಿಂದ ಮೇ ತನಕ ಸಂಜೆ ಎಲ್ಲರ ಸ್ಪ್ರಿಂಕ್ಲರ್ ಒಟ್ಟಿಗೆ ಓಡುತ್ತದೆ. ನಮ್ಮ ಶೆಡ್ಡಿನಲ್ಲಿ ಮೀಟರ್ 170 ವೋಲ್ಟಿಗೆ ಇಳಿದದ್ದನ್ನು ನೋಡಿದ್ದೇನೆ. ಎಲ್‌ಇಡಿ ಪಟ್ಟಿಗೆ ಹಾಕುವ 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಅನ್ನು ಚಾರ್ಜರಿಗೆ ಕರೆಂಟು ಕೊಡಲು ಇಟ್ಟಿದ್ದೆ, ಎರಡು ಸುಟ್ಟವು. 60 ವಾಟಿನ ಅಡಾಪ್ಟರಿನಿಂದ 80 ವಾಟ್ ಎಳೆದರೆ ಸುಡದೆ ಏನಾಗುತ್ತದೆ? ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆ ಸರ್ವರಿನ ಪವರ್ ಸಪ್ಲೈ ತಂದೆ. 12 ವೋಲ್ಟ್, 460 ವಾಟ್, ಸಾವಿರದ ಮುನ್ನೂರೋ ನಾನೂರೋ ಕೊಟ್ಟ ನೆನಪು. ಅದು 100ರಿಂದ 240 ವೋಲ್ಟಿನ ತನಕ ಎಲ್ಲಿಯೂ ಓಡುತ್ತದೆ, 170 ಅದಕ್ಕೆ ಲೆಕ್ಕವೇ ಅಲ್ಲ. ಆನ್ ಮಾಡಲು ಹಿಂದಿನ ಯಾವ ಪಿನ್ ಸೇರಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ತಪ್ಪಿದರೆ ಹಣ ನಿಮ್ಮದು. ನನ್ನದನ್ನು ಹುಡುಕಲು ನನಗೆ ಎರಡು ರಾತ್ರಿ ಹಿಡಿದಿತ್ತು.

ಚಾರ್ಜರ್ 300 ವಾಟಿನದು, ನಾನು ಕೊಂಡಾಗ ಐದು ಸಾವಿರದ ಹತ್ತಿರ. ಫ್ಯೂಸ್ ಇರುವ ಪ್ಯಾರಲಲ್ ಬೋರ್ಡಿಗೆ (ಎಲ್ಲ ಪ್ಯಾಕ್ ಒಟ್ಟಿಗೆ ಚುಚ್ಚುವ ಹಲಗೆಗೆ) ಆರೇಳು ನೂರು ಆಗಿತ್ತು.

ಫ್ಯೂಸ್ ಇರುವ ಬೋರ್ಡ್ ಎಂದು ಒತ್ತಿ ಹೇಳಲು ಕಾರಣ ಇದೆ. ಮೊದಲು ನಾನೇ ವಯರ್ ಬೆಸೆದು ಒಂದು ಹಾರ್ನೆಸ್ ಮಾಡಿದ್ದೆ. ಅದರಲ್ಲಿ ಎರಡು ಅರ್ಧ ಖಾಲಿ ಪ್ಯಾಕ್ ಇತ್ತು. ಮೂರನೆಯದಾಗಿ ಕೈಗೆ ಸಿಕ್ಕಿದ್ದನ್ನು ಚುಚ್ಚಿದೆ. ಅದು ತುಂಬಿದ ಪ್ಯಾಕ್, 12.6 ವೋಲ್ಟ್. ಅರ್ಧ ಖಾಲಿಯವು 11.4ರಲ್ಲಿದ್ದವು. ವ್ಯತ್ಯಾಸ 1.2 ವೋಲ್ಟ್, ದಾರಿಯಲ್ಲಿ ರೆಸಿಸ್ಟೆನ್ಸ್ ಒಟ್ಟು 40 ಮಿಲಿಓಮ್ ಎಂದಿಟ್ಟುಕೊಂಡರೂ 30 ಆಂಪಿಯರ್ ನುಗ್ಗುತ್ತದೆ. ಟಪ್ ಎಂದು ನೀಲಿ ಕಿಡಿ. ಹಳದಿ ಎಕ್ಸ್‌ಟಿ60 ಕನೆಕ್ಟರಿನ ಬಾಯಿ ಕಪ್ಪಾಯಿತು, ಕೆಂಪು ವಯರಿನ ಸಿಪ್ಪೆ ಬೆರಳಿಗೆ ಅಂಟಿತು. ಎಳೆದು ತೆಗೆದ ಕಾರಣ ಅಲ್ಲಿಗೆ ನಿಂತಿತು. ಬೆರಳಿನ ಕಲೆ ಈಗಲೂ ಇದೆ.

ಆವತ್ತಿನಿಂದ ಒಂದೇ ಕ್ರಮ. ಪ್ರತಿ ಪ್ಯಾಕಿನ ಸೆಲ್ ಅಳೆಯುತ್ತೇನೆ. 0.1 ವೋಲ್ಟಿಗಿಂತ ಜಾಸ್ತಿ ಅಂತರ ಇದ್ದರೆ ಆ ಪ್ಯಾಕ್ ಬೇರೆ ಸಾಲಿಗೆ. 3ಎಸ್ ಜೊತೆ 4ಎಸ್ ಯಾವತ್ತೂ ಇಲ್ಲ, 4ಎಸ್ ಪೆಟ್ಟಿಗೆಯನ್ನು ಆ ಹೊತ್ತಿನಲ್ಲಿ ಶೆಡ್ಡಿನ ಒಳಗೇ ತರುವುದಿಲ್ಲ. ಮೇನ್ ವಯರ್ ಮೊದಲು, ಐದು ನಿಮಿಷ ಕಾಯುವುದು, ಆಮೇಲೆ ಬ್ಯಾಲೆನ್ಸ್ ವಯರ್. ಪದವಿನಿಂದ ಬಿಸಿಯಾಗಿ ಬಂದ ಪ್ಯಾಕ್ ಅರ್ಧ ಗಂಟೆ ಸಿಮೆಂಟ್ ನೆಲದ ಮೇಲೆ ಮಲಗುತ್ತದೆ. ಕೆನ್ನೆಗೆ ಇಟ್ಟರೆ ತಣ್ಣಗನಿಸಬೇಕು.

ವೇಗ ಬಂದದ್ದು ಆಂಪಿಯರ್ ಏರಿಸಿ ಅಲ್ಲ. ಪ್ಯಾಕಿನ ಮೇಲೆ 5ಸಿ ಚಾರ್ಜ್ ಎಂದು ಬರೆದಿರುತ್ತಾರೆ. 1ಸಿ ಎಂದರೆ ಈ ಪ್ಯಾಕಿಗೆ 2.2 ಆಂಪಿಯರ್, 5ಸಿ ಎಂದರೆ ಅದರ ಐದು ಪಟ್ಟು. ನಮ್ಮ ಏಪ್ರಿಲ್ ಸೆಕೆಯಲ್ಲಿ ನಾನು ಅದನ್ನು ನಂಬುವುದಿಲ್ಲ. ಆರಕ್ಕೂ ಸೇರಿ 15 ಆಂಪಿಯರ್, ಅಂದರೆ ಒಂದಕ್ಕೆ ಎರಡೂವರೆ, 1ಸಿಗಿಂತ ಸ್ವಲ್ಪ ಮೇಲೆ ಅಷ್ಟೇ. ಸಮಯ ತಿನ್ನುವುದು ಕೊನೆಯ ಬಾಲ. 4.20 ಮುಟ್ಟಿದ ಮೇಲೆ ಕರೆಂಟು ಇಳಿಯುತ್ತಾ ಇಳಿಯುತ್ತಾ ಇಪ್ಪತ್ತು ನಿಮಿಷ ಎಳೆಯುತ್ತದೆ. ನಾನು ಚಾರ್ಜರನ್ನು 4.15ಕ್ಕೆ ಇಟ್ಟಿದ್ದೇನೆ. ಬಾಲ ಪೂರ್ತಿ ಹೋಗುವುದಿಲ್ಲ, ತುಂಬಿಸಬೇಕಾದದ್ದು ಸ್ವಲ್ಪ ಕಮ್ಮಿಯಾಗುತ್ತದೆ. ಹಾರಾಟದಲ್ಲಿ ಅರ್ಧ ನಿಮಿಷ ಕಮ್ಮಿಯಾಗಬಹುದು, ಪ್ಯಾಕಿನ ಆಯುಷ್ಯ ಜಾಸ್ತಿ. ಇನ್ನೊಂದು, ಆರರಲ್ಲಿ ಒಂದು ಮುದಿ ಪ್ಯಾಕ್ ಇದ್ದರೆ ಬ್ಯಾಲೆನ್ಸಿಂಗಿಗೆ ಎಲ್ಲವೂ ಅದನ್ನೇ ಕಾಯಬೇಕು. ಅದಕ್ಕೆ ಇಂಟರ್ನಲ್ ರೆಸಿಸ್ಟೆನ್ಸ್ (ಸೆಲ್ಲಿನ ಒಳಗಿನ ತಡೆ, ಮುದಿಯಾದಷ್ಟೂ ಏರುತ್ತದೆ) ನೋಡಿ ಜೊತೆ ಕಟ್ಟುತ್ತೇನೆ. ನನ್ನ ಹೊಸವು ಸೆಲ್ಲಿಗೆ ಐದಾರು ಮಿಲಿಓಮ್, ಹದಿನೈದು ದಾಟಿದರೆ ನಿವೃತ್ತಿ. ಜೊತೆ ಕಟ್ಟುವ ನನ್ನ ಲೆಕ್ಕ ಒಂದಿದೆ, ಅದು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ಇನ್ನು ಜಾಗ. ಮೊದಲು ಅಟ್ಟದ ಕೆಳಗಿನ ಕೋಣೆಯಲ್ಲಿ ಮಾಡುತ್ತಿದ್ದೆ. ಮೇಲೆ ಒಣ ಅಡಿಕೆಯ ಗೋಣಿಗಳು. ಅಮ್ಮ ಬೇಡ ಎಂದದ್ದು ಸರಿಯೇ. ಈಗ ಪಂಪ್ ಶೆಡ್, ಮುರಕಲ್ಲಿನ ಗೋಡೆ, ಮಾಡಿಗೆ ತಗಡು. ನೆಲದಲ್ಲಿ ನಾಲ್ಕು ಮುರಕಲ್ಲುಗಳನ್ನು ಚೌಕವಾಗಿ ಇಟ್ಟು ಪ್ಯಾಕ್‌ಗಳನ್ನು ನಡುವೆ ಇಡುತ್ತೇನೆ. ಬಾಯಿ ಮುಚ್ಚುವುದಿಲ್ಲ, ಗ್ಯಾಸ್ ಹೊರಗೆ ಹೋಗಬೇಕಲ್ವಾ? ಮೇಲೆ ಸರಿಗೆಯ ಬಲೆ, ಅದರ ಮೇಲೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಐದಾರು ಕಿಲೊ ಹೊಯ್ಗೆ (ಮರಳು). ಬೆಂಕಿ ಬಂದರೆ ಚೀಲ ಕರಗಿ ಹೊಯ್ಗೆ ತಾನಾಗಿ ಸುರಿಯಬೇಕು. ಪ್ಯಾಕ್ ಇಲ್ಲದೆ ಕೆಳಗಿನಿಂದ ಉರಿಯುವ ಸೂಟೆ ಹಿಡಿದು ಪರೀಕ್ಷೆ ಮಾಡಿದೆ, ನಾಲ್ಕೈದು ಸೆಕೆಂಡಿನಲ್ಲಿ ಸುರಿಯಿತು. ಮಳೆಗಾಲದಲ್ಲಿ ಹೊಯ್ಗೆ ಒದ್ದೆ ಹಿಡಿದು ಗಟ್ಟಿಯಾಗುತ್ತದೆ, ಬಾಣಲೆಯಲ್ಲಿ ಹುರಿದು ಹೊಸ ಚೀಲಕ್ಕೆ ಹಾಕಬೇಕು. ಇಷ್ಟೆಲ್ಲ ಇದ್ದರೂ 45 ನಿಮಿಷ ನಾನು ಶೆಡ್ಡಿನ ಬಾಗಿಲಲ್ಲೇ ಇರುತ್ತೇನೆ. ಅಡಿಕೆ ಸುಲಿಯುವ ಕೆಲಸ ಅಲ್ಲೇ ಆಗುತ್ತದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಪದವಿನಲ್ಲೇ ಕಾರಿನ ಬ್ಯಾಟರಿಯಿಂದ ಚಾರ್ಜ್ ಮಾಡಿದೆ. ಆರು ಪ್ಯಾಕಿಗೆ ನಷ್ಟ ಸೇರಿ ಹದಿಮೂರು ಹದಿನಾಲ್ಕು ಆಂಪಿಯರ್ ಅವರ್ ಬೇಕು, ಕಾರಿನದು 35ರದ್ದು, ಸಾಲಬೇಕಿತ್ತು. ಹಳೆಯದಾದ ಕಾರಣ ಕಾರು ಸ್ಟಾರ್ಟ್ ಆಗಲಿಲ್ಲ. ಇಳಿಜಾರಿನಲ್ಲಿ ದೂಡಿ ಎಬ್ಬಿಸಿದೆವು. ಹಳೆ ಲ್ಯಾಪ್‌ಟಾಪಿನ 18650 ಸೆಲ್‌ಗಳಿಂದ 3ಎಸ್2ಪಿ (ಎರಡೆರಡು ಸೆಲ್ಲಿನ ಮೂರು ಜೋಡಿ) ಪ್ಯಾಕ್ ಕಟ್ಟಿ ಗ್ಲೈಡರಿಗೆ ಹಾಕಿದ್ದು ಮಾತ್ರ ಗೆದ್ದಿತು. ಐದು ಆಂಪಿಯರಿನ ಒಳಗೆ ಇಟ್ಟರೆ ಅರ್ಧ ಗಂಟೆ ಮೇಲೆ ಇರುತ್ತದೆ.

ಮಳೆಗಾಲದ ವಿಷಯ ಹೇಳಲೇಬೇಕು. ಜೂನಿನಿಂದ ಸೆಪ್ಟೆಂಬರ್ ತನಕ ಹಾರಾಟ ಇಲ್ಲ. ಈ ಕ್ರಮಕ್ಕೆ ಬರುವ ಮೊದಲು ಒಂದು ವರ್ಷ ನಾಲ್ಕು ಪ್ಯಾಕ್‌ಗಳನ್ನು ತುಂಬಿಸಿಯೇ ಕಪಾಟಿನಲ್ಲಿ ಬಿಟ್ಟೆ. ತೆಗೆದಾಗ ಹಲಸಿನ ಹಪ್ಪಳ ಕರಿದ ಹಾಗೆ ಉಬ್ಬಿದ್ದವು. ಸ್ಟೋರೇಜಿಗೆ ಸೆಲ್ಲಿಗೆ 3.8ರ ಆಸುಪಾಸು ಇರಬೇಕು. ನನ್ನ ಹಳೆ ಚಾರ್ಜರ್ 5 ವಾಟಿನಲ್ಲಿ ಖಾಲಿ ಮಾಡುತ್ತಿತ್ತು, ಒಂದಕ್ಕೆ ಎರಡು ಗಂಟೆಗೂ ಜಾಸ್ತಿ. ಈಗ 55 ವಾಟಿನ ಕಾರಿನ ಹೆಡ್‌ಲೈಟ್ ಬಲ್ಬ್ ಹಾಕುತ್ತೇನೆ, ಹದಿಮೂರು ನಿಮಿಷ ಸಾಕು. ಆದರೆ ಬಿಟ್ಟು ಹೋಗಬಾರದು. ಅಡಿಕೆ ವ್ಯಾಪಾರಿ ಬಂದರೆಂದು ಎದ್ದು ಹೋಗಿ ಒಂದು ಹೊಸ ಪ್ಯಾಕನ್ನು 8 ವೋಲ್ಟಿಗೆ ಇಳಿಸಿದ್ದೇನೆ. ಅದನ್ನು ಬದುಕಿಸಲು ಹೋಗಲಿಲ್ಲ, ಪೂರ್ತಿ ಸೊನ್ನೆಗೆ ಇಳಿಸಿ ತೆಗೆದಿಟ್ಟೆ. ಈಗ ಬಲ್ಬಿನ ಜೊತೆ ವೋಲ್ಟೇಜ್ ಇಳಿದರೆ ಕಿರುಚುವ ಅಲಾರಂ ಇದೆ, ನೂರೈವತ್ತು ರೂಪಾಯಿಯದು.

ಕಳೆದ ಮಳೆಗಾಲಕ್ಕೆ ಹನ್ನೊಂದು ಪ್ಯಾಕ್ ಮಲಗಿಸಿದ್ದೆ. ದೀಪಾವಳಿ ಕಳೆದು ತೆಗೆದು ಅಳೆದೆ. ಎಲ್ಲವೂ 3.80ರ ಮೇಲೆ, ಅಂತರ 0.01. ಆ ಸಂಜೆಯೇ ಆರನ್ನು ಹಾಕಿ, ನಾಲ್ಕೂವರೆಗೆ ಪದವು ಹತ್ತಿದೆ. ಪ್ಯಾರಲಲ್ ಬೇಡ ಎಂದಿದ್ದ ಗೆಳೆಯ ತನ್ನ ಎರಡು ಪ್ಯಾಕ್ ತಂದಿದ್ದ. ಅಳೆದು ನೋಡಿದೆ, ಸಾಲಿಗೆ ಸೇರುವ ಹಾಗೆ ಇದ್ದವು.