ಚಪ್ಪಟೆ ಬಳ್ಳಿಗೆ ಕತ್ತರಿ: ದೈತ್ಯ ಕುಂಬಳ ಬೆಳೆಯುವವನ ಅನುಭವ

ಜೂನ್ ಮಧ್ಯದ ಹೊತ್ತಿಗೆ ಅಮೆರಿಕದ ಮಿನೆಸೋಟಾದ ನನ್ನ ಹಿತ್ತಿಲಲ್ಲಿ ದೈತ್ಯ ಕುಂಬಳದ ಮುಖ್ಯ ಬಳ್ಳಿ ದಿನಕ್ಕೆ ಒಂದು ಗೇಣಿಗೂ ಹೆಚ್ಚು ಮುಂದೆ ಓಡುತ್ತಿರುತ್ತದೆ. ಚಪ್ಪಟೆ ಬಳ್ಳಿಯ ಕಾಟ ಕಾಣಿಸಿಕೊಳ್ಳುವುದೂ ಸಾಮಾನ್ಯವಾಗಿ ಆಗಲೇ. ದುಂಡಗಿದ್ದ ಬಳ್ಳಿ ತುದಿಯತ್ತ ಹೋದಂತೆ ಅಗಲವಾಗಿ, ಸೊಂಟದ ಪಟ್ಟಿಯಂತೆ ಮಟ್ಟಸವಾಗುತ್ತದೆ. ಮೈಮೇಲೆ ಉದ್ದಕ್ಕೂ ಏಣುಗಳು ಏಳುತ್ತವೆ. ಕುಡಿಯಲ್ಲಿ ಎಳೆ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ. ಬೆರಳಿನಿಂದ ಸರಿಸಿ ನೋಡಿದರೆ ಬೆಳೆಯುವ ಮೊನೆ ಒಂದು ಬಿಂದುವಾಗಿರದೆ ಅಡ್ಡಗೆರೆಯಾಗಿ ಹರಡಿಕೊಂಡಿರುವುದು ಕಾಣುತ್ತದೆ.

ಸಸ್ಯಶಾಸ್ತ್ರದವರು ಇದನ್ನು ಫ್ಯಾಸಿಯೇಷನ್ ಎನ್ನುತ್ತಾರೆ. ಕನ್ನಡಿಗರಿಗೆ ಇದು ತೀರ ಅಪರಿಚಿತವೇನಲ್ಲ. ಮನೆಯಂಗಳದ ಕೋಳಿಜುಟ್ಟಿನ ಹೂವು ಇದೇ ವಿಕಾರದ ಫಲ. ಅಲ್ಲಿ ಅದು ತಲೆಮಾರಿನಿಂದ ತಲೆಮಾರಿಗೆ ಬೀಜದ ಮೂಲಕವೇ ಇಳಿದು ಬರುತ್ತದೆ, ನಾವು ಅದನ್ನೇ ಚೆಂದವೆಂದು ಬೆಳೆಸುತ್ತೇವೆ. ಕುಂಬಳದಲ್ಲಿ ಮಾತ್ರ ಅದು ಕಾಯಿಯ ಕನಸಿಗೆ ಕಲ್ಲು ಹಾಕುತ್ತದೆ.

ನೋಡಿದೊಡನೆ ಚಾಕು ಎತ್ತುವುದು ನನ್ನ ಕ್ರಮವಲ್ಲ. ಮೊದಲು ಗಿಣ್ಣು ಎಣಿಸುತ್ತೇನೆ. ಒಂದು ಗಿಣ್ಣಿಗೆ ಒಂದು ಎಲೆ, ಒಂದು ಸುರುಳಿ ತಂತು, ಒಂದು ಹೂಮೊಗ್ಗು, ಒಂದು ಕವಲು ಇದ್ದರೆ ಬಳ್ಳಿ ಸರಿಯಾಗಿದೆ ಎಂದು ಅರ್ಥ. ಎಲ್ಲವೂ ಅಚ್ಚುಕಟ್ಟಾಗಿ ಎರಡೆರಡು ಇದ್ದರೆ ಅದು ಜೋಡಿ ಬಳ್ಳಿ, ಅಂದರೆ ಎರಡು ಬಳ್ಳಿಗಳು ಒಂದೇ ಮೈಯಲ್ಲಿ ಅಂಟಿಕೊಂಡು ಓಡುತ್ತಿವೆ. ಇದಕ್ಕೆ ಸ್ವಲ್ಪ ಕಾಲಾವಕಾಶ ಕೊಡುತ್ತೇನೆ, ಏಕೆಂದರೆ ಕೆಲವು ಅಡಿ ಹೋದ ಮೇಲೆ ನಡುವಿನ ಗೆರೆ ಆಳವಾಗಿ, ಎರಡೂ ತಾವಾಗಿಯೇ ಬೇರ್ಪಡುವುದುಂಟು. ಆಗ ಎರಡರಲ್ಲಿ ನೆಟ್ಟಗಿರುವುದನ್ನು ಉಳಿಸಿಕೊಂಡು ಇನ್ನೊಂದರ ಕುಡಿ ಚಿವುಟಿದರೆ ಸಾಕು. ಮೂರು, ನಾಲ್ಕು, ಐದು ಎಲೆಗಳು ಗೊತ್ತುಗುರಿಯಿಲ್ಲದೆ ಒಂದೇ ಕಡೆ ಮುತ್ತಿಕೊಂಡಿದ್ದರೆ ಅದು ಪೂರಾ ಚಪ್ಪಟೆ ಬಳ್ಳಿ. ಅದು ಸರಿಹೋಗಲಿ ಎಂದು ಕಾಯುತ್ತ ಕೂರುವುದು ಕಾಲಹರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಅನುಮಾನವನ್ನೂ ಇಲ್ಲೇ ಪರಿಹರಿಸಿಕೊಳ್ಳಬೇಕು. ಇಲ್ಲಿನ ಮನೆಗಳ ಹುಲ್ಲುಹಾಸಿಗೆ ಕಳೆನಾಶಕ ಹೊಡೆಯುವುದು ವಾಡಿಕೆ, ಅದರಲ್ಲಿ 2,4-ಡಿ ಇರುವುದೇ ಹೆಚ್ಚು. ಗಾಳಿಯಲ್ಲಿ ಅದರ ತುಂತುರು ತೇಲಿ ಬಂದರೂ ಕುಂಬಳದ ಎಲೆ ಮುರುಟಿ, ನರಗಳು ಒತ್ತೊತ್ತಾಗಿ, ಕುಡಿ ತಿರುಚಿಕೊಳ್ಳುತ್ತದೆ. ಆದರೆ ಆ ಪೆಟ್ಟು ಸಾಮಾನ್ಯವಾಗಿ ಒಂದೇ ಕುಡಿಗೆ ನಿಲ್ಲುವುದಿಲ್ಲ, ಹೊಸದಾಗಿ ಬೆಳೆಯುತ್ತಿರುವ ಬಹುತೇಕ ಎಲ್ಲ ಕುಡಿಗಳಲ್ಲೂ ಕಾಣುತ್ತದೆ. ಚಪ್ಪಟೆ ರೋಗ ಹಾಗಲ್ಲ. ಮುಖ್ಯ ಬಳ್ಳಿ ಕೆಟ್ಟಿದ್ದರೂ ಪಕ್ಕದ ಕವಲು ದುಂಡಗೆ, ನಿಶ್ಚಿಂತೆಯಿಂದ ಓಡುತ್ತಿರುತ್ತದೆ. ಕಳೆನಾಶಕದ ಪೆಟ್ಟಾದರೆ ಗಿಡ ಚೇತರಿಸಿಕೊಳ್ಳುವುದೇ ಎಂದು ಕಾದು ನೋಡುತ್ತೇನೆ, ಕತ್ತರಿಸುವುದಿಲ್ಲ.

ಚಪ್ಪಟೆಯಾಗುವುದೇಕೆ ಎಂದರೆ ಒಂದೇ ಉತ್ತರವಿಲ್ಲ. ವಂಶಗುಣ, ಎಳವೆಯಲ್ಲಿ ಕುಡಿಗೆ ತಗುಲಿದ ಚಳಿ ಅಥವಾ ಗಾಯ, ಒಂದು ಜಾತಿಯ ಬ್ಯಾಕ್ಟೀರಿಯಾ, ಸಾರಜನಕ ಉಣ್ಣಿಸಿದ ಮಿತಿಮೀರಿದ ಸೊಕ್ಕು, ಇವೆಲ್ಲವನ್ನೂ ಹೇಳುತ್ತಾರೆ. ನಾವು ಬೆಳೆಸುವುದು ಕೆನಡಾದ ನೋವಾ ಸ್ಕೋಶಿಯಾದ ವಿಂಡ್ಸರ್‌ನ ಹೊವರ್ಡ್ ಡಿಲ್ ರೂಪಿಸಿದ ಅಟ್ಲಾಂಟಿಕ್ ಜೈಂಟ್‌ನ ಸಂತತಿಯನ್ನು. ದೊಡ್ಡ ಕಾಯಿಗೆಂದೇ ಆರಿಸಿ ಆರಿಸಿ ಬೆಳೆಸಿದ ಕುಲ ಅದು. ಬೀಜಕ್ಕೆ ಹೆಸರಿಡುವುದು ಕಾಯಿಯ ತೂಕ ಮತ್ತು ಬೆಳೆದವರ ಹೆಸರಿನಿಂದ. 2012ರಲ್ಲಿ ಮೊದಲ ಬಾರಿಗೆ ಅಮೆರಿಕದ ಟನ್, ಅಂದರೆ 2000 ಪೌಂಡ್ ದಾಟಿದ ರಾನ್ ವ್ಯಾಲೇಸ್ ಅವರ 2009 ಪೌಂಡಿನ ಕಾಯಿಯ ಬೀಜ ‘2009 ವ್ಯಾಲೇಸ್’. ಹೀಗಾಗಿ ಯಾವ ಸಾಲಿನ ಬೀಜ ಚಪ್ಪಟೆಯಾಗುವ ಚಾಳಿಯದು ಎಂಬ ಮಾತು ಬೆಳೆಗಾರರ ನಡುವೆ ಸುತ್ತುತ್ತಲೇ ಇರುತ್ತದೆ. ಮೂರು ಬೀಜದೆಲೆ ಬಿಟ್ಟ ಸಸಿಯನ್ನು ನಾನಂತೂ ಮೊದಲ ದಿನದಿಂದಲೇ ಅನುಮಾನದಿಂದ ನೋಡುತ್ತೇನೆ.

ಹಾಗಾದರೆ ಮುಖ್ಯ ಬಳ್ಳಿಯ ಮೇಲೆಯೇ ಇಷ್ಟು ಹಟವೇಕೆ? ಕಾಯಿ ಕೂರಿಸುವುದು ಅದರ ಮೇಲೆ, ಬುಡದಿಂದ ಹತ್ತು ಹನ್ನೆರಡು ಅಡಿ ಆಚೆ. ಇಕ್ಕೆಲದ ಕವಲುಗಳನ್ನು ಅಡ್ಡಕ್ಕೆ ಹರಡಿ, ಗಿಣ್ಣುಗಿಣ್ಣಿಗೂ ಮಣ್ಣು ಮುಚ್ಚಿ ಬೇರು ಬಿಡಿಸುತ್ತೇವೆ. ಕವಲಿನ ಕವಲನ್ನು ಹುಟ್ಟುತ್ತಲೇ ತೆಗೆಯುತ್ತೇವೆ. ಬೇರು, ಎಲೆಗಳು ದುಡಿದದ್ದೆಲ್ಲ ಮುಖ್ಯ ಬಳ್ಳಿಯ ಮೂಲಕ ಒಂದೇ ಕಾಯಿಗೆ ಹರಿಯಬೇಕು. ಚಪ್ಪಟೆ ಬಳ್ಳಿಯಲ್ಲಿ ಹೆಣ್ಣು ಹೂಗಳೂ ಒಂದಕ್ಕೊಂದು ಅಂಟಿ ಬರುತ್ತವೆ, ಹೀಚು ಹಳದಿಯಾಗಿ ಉದುರುವುದೇ ಹೆಚ್ಚು. ನಿಂತರೂ ಎರಡು ಕಾಯಿ ಬೆಸೆದಂತಹ ಆಕಾರ, ನಡುವೆ ಸೀಳು. ಒಳಗಿನ ಪೊಳ್ಳಿನವರೆಗೆ ಬಿರುಕು ಬಿಟ್ಟ ಕಾಯಿಯನ್ನು ತೂಕದ ಸ್ಪರ್ಧೆಯಲ್ಲಿ ಪರಿಗಣಿಸುವುದೇ ಇಲ್ಲ. ಬಳ್ಳಿಯೂ ಏಣುಗಳ ನಡುವೆ ಸೀಳಿ, ನೀರು ನಿಂತು, ಕೊಳೆಯುತ್ತದೆ. ಚಪ್ಪಟೆ ಬಳ್ಳಿಯಲ್ಲೇ ಒಳ್ಳೆಯ ಕಾಯಿ ಪಡೆದೆವೆಂದು ಹೇಳುವವರಿದ್ದಾರೆ. ಇರಲಿ, ಅವರ ಧೈರ್ಯ ನನಗಿಲ್ಲ.

ನನ್ನ ಉಪಾಯವೆಲ್ಲ ಮುಂಚಿತವಾಗಿ ಉತ್ತರಾಧಿಕಾರಿಯನ್ನು ಗೊತ್ತುಮಾಡಿಕೊಳ್ಳುವುದರಲ್ಲಿದೆ. ಜೂನ್ ಮೊದಲ ವಾರದಿಂದಲೇ, ಮುಖ್ಯ ಬಳ್ಳಿ ಎಷ್ಟೇ ಚೆನ್ನಾಗಿರಲಿ, ಒಂದು ಗಟ್ಟಿ ಕವಲನ್ನು ಪೂರ್ತಿ ಅಡ್ಡಕ್ಕೆ ತಿರುಗಿಸದೆ ಓರೆಯಾಗಿ ಮುಂದಕ್ಕೇ ಬಿಟ್ಟಿರುತ್ತೇನೆ. ಅದರ ಕಾಂಡ ದುಂಡಗಿರಬೇಕು, ಗಿಣ್ಣಿಗೊಂದೇ ಎಲೆಯಿರಬೇಕು. ಚಪ್ಪಟೆತನ ಶುರುವಾದ ಜಾಗದಿಂದ ಬುಡದ ಕಡೆಗೆ ಒಂದೆರಡು ಗಿಣ್ಣು ಹಿಂದೆ ಹುಟ್ಟಿದ್ದಾದರೆ ಇನ್ನೂ ಒಳ್ಳೆಯದು.

ಕತ್ತರಿಸುವುದು ಒಣ ಹವೆಯಲ್ಲಿ, ಇಬ್ಬನಿ ಆರಿದ ಮೇಲೆ, ಮುಂದೆ ದಿನವೆಲ್ಲ ಬಿಸಿಲಿರುವಂತೆ ನೋಡಿಕೊಂಡು. ಚಾಕುವನ್ನು ಆಲ್ಕೋಹಾಲಿನಿಂದ ಒರೆಸುತ್ತೇನೆ. ಆರಿಸಿದ ಕವಲಿನ ಗಿಣ್ಣಿನಿಂದ ಒಂದು ಗೇಣು ಮುಂದೆ, ನೀರು ಜಾರುವಂತೆ ಓರೆಯಾಗಿ, ಒಂದೇ ಏಟಿಗೆ ಕೊಯ್ಯುತ್ತೇನೆ. ಬಳ್ಳಿ ಒಳಗೆ ಟೊಳ್ಳು. ಕೊಯ್ದ ಬಾಯಿ ಮೇಲ್ಮುಖವಾಗಿದ್ದರೆ ಮಳೆನೀರು ಕೊಳವೆಯೊಳಗೆ ಇಳಿದು ಬುಡದತ್ತ ಕೊಳೆ ಸಾಗುತ್ತದೆ. ಆದ್ದರಿಂದ ತುಂಡಿನ ಕೆಳಗೆ ಇಟ್ಟಿಗೆ ಚೂರು ಇಟ್ಟು, ನೆಲ ಮುಟ್ಟದಂತೆ, ಬಾಯಿ ಕೆಳಮುಖವಾಗುವಂತೆ ಮಾಡುತ್ತೇನೆ. ರಸ ಒಸರುವುದು ನಿಂತ ಮೇಲೆ ಗಂಧಕದ ಪುಡಿ ಸವರುತ್ತೇನೆ. ಅಲ್ಲಿಗೆ ಮಣ್ಣು ಮುಚ್ಚುವುದಿಲ್ಲ, ಗಾಳಿಯಾಡಬೇಕು.

ಕುಡಿ ಚಿವುಟಿದರೆ ಕವಲು ಚಿಗುರುತ್ತದೆ ಎಂಬುದು ಕಲಬುರಗಿ ಕಡೆ ತೊಗರಿ ಬೆಳೆಯುವವರಿಗೆ ಹೇಳಿಕೊಡಬೇಕಿಲ್ಲ. ತುದಿಯಿಂದ ಇಳಿದು ಬರುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಕುಡಿಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ, ತುದಿ ಹೋದರೆ ಅವು ಎದ್ದು ಓಡುತ್ತವೆ. ಆದರೆ ಎಲ್ಲವೂ ಓಡಲು ಹೊರಡುವುದರಿಂದ ಪಟ್ಟ ಒಂದಕ್ಕೇ. ಎದುರುಬದಿಯ ಕವಲು ಪೈಪೋಟಿಗೆ ಬಿದ್ದರೆ ಅದರ ಕುಡಿಯನ್ನು ಬೇಗ ಚಿವುಟುತ್ತೇನೆ.

ಹೊಸ ಬಳ್ಳಿಯನ್ನು ಮುಖ್ಯ ದಿಕ್ಕಿಗೆ ಬಾಗಿಸುವುದು ತಾಳ್ಮೆಯ ಕೆಲಸ. ಬೆಳಗ್ಗೆ ನೀರು ತುಂಬಿಕೊಂಡ ಬಳ್ಳಿ ಸೆಟೆದಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸಡಿಲಾದಾಗ ಎರಡು ಕಡೆ ಬಿದಿರಿನ ಗೂಟ ನೆಟ್ಟು, ದಿನಕ್ಕೆ ಎರಡು ಬೆರಳಿನಷ್ಟು ಸರಿಸುತ್ತೇನೆ. ಬಾಗಬೇಕಾದ ಜಾಗದಲ್ಲಿ ಸುರುಳಿ ತಂತುಗಳು ಕಳೆಯನ್ನೋ ಗೂಟವನ್ನೋ ಹಿಡಿದಿದ್ದರೆ ಮೊದಲು ಬಿಡಿಸಬೇಕು. ಅಲ್ಲಿ ಬೇರು ಬಿಟ್ಟ ಗಿಣ್ಣಿದ್ದರೆ ಅದನ್ನು ಕೀಳದೆ, ಅದರ ಮುಂದಿನ ಭಾಗವನ್ನು ಮಾತ್ರ ಬಾಗಿಸುತ್ತೇನೆ.

ಇಷ್ಟಕ್ಕೆ ತೆರುವ ಬೆಲೆ ಸಮಯ. ಜುಲೈ ಹತ್ತರೊಳಗೆ ಕಾಯಿ ಕಚ್ಚಿದರೆ ನನಗೆ ಸಮಾಧಾನ, ಏಕೆಂದರೆ ಸೆಪ್ಟೆಂಬರ್ ಕಡೆಯಲ್ಲಿ ಇಲ್ಲಿ ಹಿಮ ಕಟ್ಟಬಹುದು. ಹಾಗಾಗಿ ಹತ್ತು ಅಡಿಯ ನಿಯಮವನ್ನು ಸಡಿಲಿಸಿ, ಬದಲಿ ಬಳ್ಳಿಯಲ್ಲಿ ಬಂದ ಮೊದಲ ಸದೃಢ ಹೆಣ್ಣು ಹೂವಿಗೇ ಸೂರ್ಯ ಏರುವ ಮೊದಲು ಕೈಯಿಂದ ಪರಾಗ ಮುಟ್ಟಿಸುತ್ತೇನೆ. ಹಿಂದಿನ ಸಂಜೆಯೇ ಗಂಡು ಮೊಗ್ಗು, ಹೆಣ್ಣು ಮೊಗ್ಗು ಎರಡಕ್ಕೂ ದಾರ ಕಟ್ಟಿ ಜೇನ್ನೊಣ ನುಗ್ಗದಂತೆ ಮಾಡಿರುತ್ತೇನೆ. ಇದೇ ಮಿನೆಸೋಟಾದ ಟ್ರಾವಿಸ್ ಗೀಂಜರ್ 2023ರಲ್ಲಿ 2749 ಪೌಂಡ್, ಅಂದರೆ 1247 ಕಿಲೋ ತೂಗುವ ಕಾಯಿಯನ್ನು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇವರೆಗೆ ಸಾಗಿಸಿ ಆಗಿನ ವಿಶ್ವದಾಖಲೆ ಮಾಡಿದರು. ನಮ್ಮಂಥವರ ಕಾಯಿ ಅದರ ಹತ್ತಿರ ಸುಳಿಯದಿದ್ದರೂ, ಋತುವಿನ ಲೆಕ್ಕ ಎಲ್ಲರಿಗೂ ಒಂದೇ.

ಪಕ್ಕದ ಕವಲೊಂದು ಚಪ್ಪಟೆಯಾದರೆ ನಾನು ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಅದರಲ್ಲಿ ಕಾಯಿ ಬೇಕಿಲ್ಲ, ಎಲೆ ಸಾಕು. ಮುತ್ತಿಕೊಂಡ ಎಲೆಗಳಲ್ಲಿ ನೆರಳಿಗೆ ಬಿದ್ದವನ್ನು ತೆಗೆದು, ಕುಡಿ ಚಿವುಟಿ ಬಿಟ್ಟರೆ ಕೆಲಸಕ್ಕೆ ಬರುತ್ತದೆ. ಕತ್ತರಿಸಿದ ಎಳೆ ಕುಡಿಗಳನ್ನು ನೋಡಿದಾಗ ಪಲ್ಯದ ಆಸೆ ಆಗುವುದು ನಿಜ. ಆದರೆ ಕಾಂಡಕೊರಕಕ್ಕೆ ಹೊಡೆದ ಔಷಧಿ ಅವುಗಳ ಮೈಮೇಲಿರುತ್ತದೆ, ಅವೆಲ್ಲ ನೇರ ಕಸದ ಚೀಲಕ್ಕೆ. ಪಲ್ಯಕ್ಕೆಂದು ಬೇಲಿಯಾಚೆ ಔಷಧಿ ಕಾಣದ ಬೇರೆ ಬಳ್ಳಿಯೊಂದನ್ನು ಬೆಳೆಸಿಕೊಂಡಿದ್ದೇನೆ.